ವಾಲಿದ ಹೂವಿನ ಹೊದಿಕೆ

ಗಂಟಕ್ಕನ ಬಗ್ಗೆ ಯಾರಾದರೂ ನೆಟ್ಟಗೆ ಬರೆಯುತ್ತಾರೇನೋ ಎಂದು ನಾನು ಬಹಳ ವರ್ಷ ಕಾದೆ. ಪ್ರವಾಸಿಗರು ಬರೆದರು, ಪತ್ರಿಕೆಯವರು ಬರೆದರು, ಹೋಟೆಲಿನವರು ನುಣುಪು ಕಾಗದದ ಮೇಲೆ ಅಚ್ಚು ಹಾಕಿಸಿ ಪ್ರತಿ ಕೋಣೆಯಲ್ಲೂ ಒಂದೊಂದು ಇಟ್ಟರು. ಅದರಲ್ಲೆಲ್ಲ ಅವಳ ಕೈಗಳ ಫೋಟೋ ಇದೆ, ಮುಖ ಇಲ್ಲ. ಒಬ್ಬ ಮಹಾರಾಯ ಅವಳನ್ನು 'ಮೌನದ ನೇಕಾರ್ತಿ' ಎಂದು ಕರೆದ. ಅವಳ ಬಾಯಿಯ ಅಳತೆ ಗೊತ್ತಿದ್ದ ನಮ್ಮ ಬೀದಿಯವರೆಲ್ಲ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ನಾನೇ ಬರೆಯಲು ಕೂತಿದ್ದೇನೆ. ನಾನು ನೂಲು ಮಾರುವವಳು. ಅವಳ ಮನೆಯಿಂದ ನಾಲ್ಕನೇ ಬಾಗಿಲು ನನ್ನ ಅಂಗಡಿ. ಅವಳ ಬದುಕಿನಲ್ಲಿ ನಾನೊಂದು ಕೆಲಸ ಮಾಡಿದ್ದೇನೆ. ಅದನ್ನು ಯಾರಿಗೂ ಹೇಳಿಲ್ಲ, ಅವಳಿಗಂತೂ ಹೇಳಿಯೇ ಇಲ್ಲ.

ಮೊದಲು ಆ ಹೆಸರಿನ ವಿಷಯ. ಮಗ್ಗದ ಮೇಲೆ ನೂಲು ಹರಿಯುವುದು ಸಹಜ. ಹರಿದದ್ದನ್ನು ಗಂಟು ಹಾಕಿ ಸೇರಿಸಬೇಕು. ಬೇರೆಯವರು ಹಾಕಿದ ಗಂಟು ಬಟ್ಟೆಯ ಹಿಂಬದಿಯಲ್ಲಿ ಕೈಗೆ ಸಿಗುತ್ತದೆ, ಇವಳದು ಸಿಗುವುದಿಲ್ಲ. ಎಳೆಗಳ ತುದಿಯನ್ನು ನಾಲಗೆಯ ಮೇಲೆ ಒದ್ದೆ ಮಾಡಿಕೊಂಡು, ಹೆಬ್ಬೆರಳಿನಿಂದ ಏನೋ ಒಂದು ತಿರುವು ಕೊಟ್ಟರೆ ಮುಗಿಯಿತು. ಚಿಕ್ಕಂದಿನಲ್ಲಿ ನಾನು ಅವಳು ನೇಯ್ದ ಬಟ್ಟೆಯನ್ನು ಬಿಸಿಲಿಗೆ ಹಿಡಿದು, ಎಲ್ಲಿ ಗಂಟು ಹಾಕಿದ್ದಾಳೆ ಎಂದು ಹುಡುಕಿ ಹುಡುಕಿ ಸೋತಿದ್ದೇನೆ. ಅದಕ್ಕೇ ಗಂಟಕ್ಕ. ಗಂಟು ಮುಖ ಹಾಕಿಕೊಳ್ಳುತ್ತಾಳೆ ಎಂಬುದಕ್ಕೂ ಆ ಹೆಸರು ಒಪ್ಪುತ್ತಿತ್ತು ಎನ್ನಿ. ಬೆಲೆ ಕಡಿಮೆ ಕೇಳಿದ ಗಿರಾಕಿಯನ್ನು ಅವಳು ಮೆಟ್ಟಿಲು ಇಳಿಯುವವರೆಗೂ ಬೈದುಕೊಂಡೇ ಕಳಿಸುತ್ತಿದ್ದಳು.

ಅವಳದು ಎರಡು ಕೋಣೆಯ ಮನೆ. ಒಳಕೋಣೆಯಲ್ಲಿ ಒಲೆ, ಹಾಸಿಗೆ, ಒಂದು ಮರದ ಬೀರು. ಹೊರಕೋಣೆ ಪೂರ್ತಿ ಮಗ್ಗ. ಅದು ಅಗಲದ ಹೊದಿಕೆ ನೇಯುವ ಮಗ್ಗ, ಒಬ್ಬರ ಕೈಗೆ ನಿಲುಕುವುದಲ್ಲ. ಒಂದೇ ಹಲಗೆಯ ಮೇಲೆ ಇಬ್ಬರು ಪಕ್ಕಪಕ್ಕ ಕೂರಬೇಕು. ಬಲಗಡೆ ಗಂಟಕ್ಕ, ಎಡಗಡೆ ಅವಳ ತಂಗಿ. ಬಲದವಳು ಲಾಳಿಯನ್ನು ಎಸೆದು 'ಹೋಯ್ತು' ಅನ್ನಬೇಕು, ಎಡದವಳು ಹಿಡಿದು 'ಬಂತು' ಅನ್ನಬೇಕು. ಅವರ ಅಪ್ಪ ಕಲಿಸಿದ ಕ್ರಮ ಅದು. ಹೋಯ್ತು, ಬಂತು, ಹೋಯ್ತು, ಬಂತು. ನಾನು ಲೆಕ್ಕ ಕಲಿತದ್ದೇ ಆ ಸದ್ದು ಕೇಳಿಕೊಂಡು. ಹೊದಿಕೆಯ ನಡುಭಾಗ ಬರೀ ಹಾಲಿನ ಬಣ್ಣ, ಎರಡೂ ಅಂಚಿನಲ್ಲಿ ಸಾಲಾಗಿ ಕೆಂಪು ಹೂ. ಹೂವನ್ನು ಲಾಳಿಯಿಂದ ನೇಯಲಾಗುವುದಿಲ್ಲ. ಎಳೆ ಎಣಿಸಿ ಎಣಿಸಿ, ಬೆರಳ ತುದಿಯಲ್ಲಿ ಕೆಂಪು ನೂಲು ತೂರಿಸಿ ಕಟ್ಟಬೇಕು. ಬಲ ಅಂಚಿನ ಹೂ ಅಕ್ಕನದು, ಎಡ ಅಂಚಿನದು ತಂಗಿಯದು.

ಆ ತಂಗಿಯನ್ನು ಬೀದಿಯವರೆಲ್ಲ ತಂಗಿ ಎಂದೇ ಕರೆಯುತ್ತಿದ್ದರು. ಅವಳು ನನಗಿಂತ ಮೂರು ವರ್ಷ ದೊಡ್ಡವಳು, ಆದರೂ ನನ್ನ ಬಾಯಲ್ಲೂ ತಂಗಿಯೇ. ಗಂಟಕ್ಕನ ಗಂಡ ಎರಡು ವರ್ಷ ಸಂಸಾರ ಮಾಡಿ ಜ್ವರ ಬಂದು ತೀರಿಕೊಂಡ. ತಂಗಿ ಮದುವೆಯನ್ನೇ ಆಗಲಿಲ್ಲ. ಬಂದ ವರಗಳಿಗೆಲ್ಲ ಏನಾದರೊಂದು ಕೊಂಕು ತೆಗೆದು ಓಡಿಸಿದಳು. "ನಾನು ಎದ್ದು ಹೋದ್ರೆ ಎಡಗಡೆ ಯಾರು ಕೂತ್ಕೋತಾರೆ? ನೀನು ಕೂತ್ಕೋತೀಯಾ?" ಎಂದು ನನ್ನನ್ನೇ ಕೇಳುತ್ತಿದ್ದಳು. ನಗುವುದಕ್ಕೆ ಶುರು ಮಾಡಿದರೆ ಅವಳಿಗೆ ನಿಲ್ಲಿಸಲು ಬರುತ್ತಿರಲಿಲ್ಲ. ನಗುತ್ತ ನಗುತ್ತ ಲಾಳಿ ಹಿಡಿಯುವುದು ಮರೆತು ಅಕ್ಕನಿಂದ ತಲೆಗೆ ಮೊಟಕಿಸಿಕೊಳ್ಳುತ್ತಿದ್ದಳು.

ಅವಳ ಬೆರಳುಗಳು ಮರಗಟ್ಟತೊಡಗಿದ್ದು ಐವತ್ತು ದಾಟಿದ ಮೇಲೆ. ಅದು ನರದ ಕಾಯಿಲೆ. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ಎಳೆ ಎಣಿಸುವ ಬೆರಳಿಗೇ ಸ್ಪರ್ಶ ತಿಳಿಯದೆ ಹೋದರೆ ಹೂ ಏನಾಗುತ್ತದೆ? ಎರಡೆಳೆ ಬಲಕ್ಕೆ ಸರಿದು ವಾಲುತ್ತದೆ. ಕಣ್ಣು ಹಾಯಿಸಿದವರಿಗೆ ಕಾಣದಷ್ಟು ಸಣ್ಣ ತಪ್ಪು, ಆದರೆ ಗಂಟಕ್ಕನ ಕಣ್ಣಿಗೆ ಮರುದಿನವೇ ಬಿತ್ತು. ಅವಳು ತಂಗಿಗೆ ಏನೂ ಹೇಳಲಿಲ್ಲ. ಬೆಳಿಗ್ಗೆ ತಂಗಿ ಮಗ್ಗಕ್ಕೆ ಬರುವ ಮೊದಲು ತಾನೇ ಎಡಗಡೆ ಹೋಗಿ ಕೂತು, ಹಿಂದಿನ ದಿನದ ವಾಲಿದ ಹೂಗಳನ್ನು ಬಿಚ್ಚಿ, ನೆಟ್ಟಗೆ ಕಟ್ಟಿಟ್ಟು, ಏನೂ ಆಗದವಳ ಹಾಗೆ ಬಲಕ್ಕೆ ಬಂದು ಕೂರುತ್ತಿದ್ದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ. ನಾಲ್ಕು ತಿಂಗಳು ಹೀಗೇ ನಡೆಯಿತು.

ತಂಗಿ ಆ ದಿನಗಳಲ್ಲಿ ಬೆಳಿಗ್ಗೆ ತಡವಾಗಿ ಮಗ್ಗಕ್ಕೆ ಬರುತ್ತಿದ್ದಳು. ಗಂಟಕ್ಕ ಅವಳನ್ನು ಸೋಮಾರಿ ಎಂದು ಬೈಯುತ್ತಿದ್ದದ್ದು ನನ್ನ ಅಂಗಡಿಗೂ ಕೇಳಿಸುತ್ತಿತ್ತು. ಆ ಒಂದು ಗಂಟೆ ತಂಗಿ ಎಲ್ಲಿರುತ್ತಿದ್ದಳು ಗೊತ್ತೇ? ನನ್ನ ಅಂಗಡಿಯಲ್ಲಿ, ನೂಲಿನ ಮೂಟೆಯ ಮೇಲೆ. ಮೊದಲ ದಿನ, ಹಾಲು ತರುವ ನೆವ ಹೇಳಿ ಬಂದವಳು ಎದ್ದು ಹೋಗದೇ ಕೂತದ್ದು ನೋಡಿ, "ಏನು, ಅಕ್ಕ ಬೈಯಲ್ವಾ?" ಎಂದು ಕೇಳಿದೆ. "ಬೈಲಿ. ಅವಳು ಬಿಚ್ಚಿ ಕಟ್ಟಿ ಮುಗಿಸ್ಲಿ, ಆಮೇಲೆ ಹೋಗ್ತೀನಿ" ಎಂದಳು. ಮರಗಟ್ಟಿದ ಬೆರಳನ್ನು ಇನ್ನೊಂದು ಕೈಯಿಂದ ತಿಕ್ಕುತ್ತ, "ಅವಳಿಗೆ ಹೇಳಿದ್ರೆ ನಿನ್ನ ಜೊತೆ ಮಾತು ಬಿಡ್ತೀನಿ ನೋಡು" ಎಂದು ಎಚ್ಚರಿಸಿದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಬೇರೆಯವರ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದರಲ್ಲಿ ನಾನು ಜಾಣೆ ಎಂದು ಆಗ ನನಗೆ ಹೆಮ್ಮೆಯೂ ಇತ್ತು.

ಮಗ್ಗಕ್ಕೆ ಕೂತ ಕೊನೆಯ ವಾರ ತಂಗಿಗೆ ಉಸಿರಾಟದ ತೊಂದರೆ ಶುರುವಾಯಿತು. ಅಕ್ಕನಿಗೆ ಬಿಚ್ಚುವುದಕ್ಕೆ ಪುರುಸೊತ್ತು ಸಿಗಲಿಲ್ಲ. ಬೇಡ ಎಂದರೂ ಕೇಳದೆ ತಂಗಿ ದಿನಕ್ಕೆ ಒಂದೋ ಎರಡೋ ಹೂ ಕಟ್ಟಿದಳು. ಅವಳನ್ನು ಆಸ್ಪತ್ರೆಗೆ ಸೇರಿಸಿದ ದಿನ ಎಡ ಅಂಚಿನಲ್ಲಿ ಹನ್ನೊಂದು ವಾಲಿದ ಹೂಗಳು ಹಾಗೇ ಉಳಿದಿದ್ದವು. ಒಂಬತ್ತನೇ ದಿನ ತಂಗಿ ಹೋದಳು.

ಗಂಟಕ್ಕ ಅರ್ಧ ನೇಯ್ದ ಆ ಹೊದಿಕೆಯನ್ನು ಮಗ್ಗದಿಂದ ಕತ್ತರಿಸಿ ಬೀರುವಿನಲ್ಲಿಟ್ಟಳು. ಆಮೇಲೆ ಬೀರು ತೆಗೆಯುವುದೇ ಅವಳಿಗೆ ಕಷ್ಟವಾಯಿತು. ಉಟ್ಟ ಸೀರೆಯನ್ನೇ ಒಗೆದು ಒಗೆದು ಉಡುತ್ತಿದ್ದಳು. ಆ ಹೊತ್ತಿಗೆ ನಮ್ಮ ಬೀದಿಯ ತುದಿಯಲ್ಲಿ ದೊಡ್ಡ ಶೋರೂಮು ತೆರೆದವನೊಬ್ಬ ಹಳೆಯ ಬಟ್ಟೆ ಕೇಳಿಕೊಂಡು ಮನೆ ಮನೆ ತಿರುಗುತ್ತಿದ್ದ. ಅವನ ಬಾಯಲ್ಲಿ ಎಲ್ಲಕ್ಕೂ 'ಆಗ್ಲಿ ಬಿಡಿ'. ಆದ್ದರಿಂದ ನಮಗೆಲ್ಲ ಅವನು ಆಗ್ಲಿಬಿಡಿ. ಅವನು ಗಂಟಕ್ಕನ ಬಾಗಿಲಲ್ಲಿ ನಿಂತು ಕೇಳಿದಾಗ ಇವಳು ಬೆಲೆಯ ಮಾತನ್ನೂ ಆಡದೆ ಆ ಹೊದಿಕೆಯನ್ನು ತಂದು ಅವನ ಕೈಗೆ ಹಾಕಿದಳು. ಕಣ್ಣ ಮುಂದಿನಿಂದ ಹೋದರೆ ಸಾಕು ಎನ್ನಿಸಿತ್ತು, ಪಾಪ. ತಿಂಗಳು ಕಳೆಯುವಷ್ಟರಲ್ಲಿ ಎದೆ ಎದೆ ಬಡಿದುಕೊಂಡಳು. "ಅವಳ ಕೈಯಿಂದ ಕೊನೆಗೆ ಆದದ್ದು ಅದೊಂದೇ ಕಣೇ. ಉಳಿದದ್ದೆಲ್ಲ ನಾನು ಬಿಚ್ಚಿ ಹಾಕಿದ್ದೀನಿ. ಅವಳದು ಅಂತ ಇರೋದು ಆ ಹನ್ನೊಂದು ಹೂ ಮಾತ್ರ. ಅದನ್ನೇ ಕೊಟ್ಟು ಕೂತೆನಲ್ಲ!"

ವಾಪಸು ಕೇಳಲು ಹೋದರೆ ಹೊದಿಕೆ ಗಾಜಿನ ಪೆಟ್ಟಿಗೆಯೊಳಗೆ ಕೂತಿತ್ತು, ಮೇಲೊಂದು ದೀಪ ಬೇರೆ. ಗಂಟಕ್ಕ ಕೇಳದೆಯೇ ತಿರುಗಿ ಬಂದಳು. ಅದನ್ನು ಯಾರೋ ವಿನ್ಯಾಸಗಾರ್ತಿ ನೋಡಿ ಮರುಳಾಗಿದ್ದಳಂತೆ. ಹೂ ಗಾಳಿಗೆ ಬಾಗಿದ ಹಾಗಿದೆ, ಯಂತ್ರಕ್ಕೆ ಇಂಥ ಕಲ್ಪನೆ ಬರುವುದಿಲ್ಲ ಎಂದಳಂತೆ. ಹಾಗೆಂದು ಹೇಳಿ ಅದರ ಫೋಟೋ ತೆಗೆದು ಯಂತ್ರಕ್ಕೇ ಕೊಟ್ಟಳು. ಊರಾಚೆಯ ಶೆಡ್ಡಿನಲ್ಲಿ ಕಂಪ್ಯೂಟರು ಕೂರಿಸಿದ ಪವರ್‌ಲೂಮುಗಳು ಹಗಲು ರಾತ್ರಿ ಎರಡೆಳೆ ವಾಲಿದ ಹೂ ಉದುರಿಸತೊಡಗಿದವು. ಮೊದಲು ಹೊದಿಕೆ ಬಂತು, ಆಮೇಲೆ ದಿಂಬಿನ ಚೀಲ, ಕೈಚೀಲ, ಹೋಟೆಲಿನ ಪರದೆ, ಬಡಿಸುವವರ ಏಪ್ರನ್ನು, ಪ್ರವಾಸಿ ಬಸ್ಸಿನ ಸೀಟು. ಬೀದಿಯಲ್ಲಿ ಇದ್ದ ಕೈಮಗ್ಗಗಳು ಒಂದೊಂದಾಗಿ ಎದ್ದುಹೋದವು. ಒಂದರ ಮೇಲೆ ಗಾಜಿಟ್ಟು ಕಾಫಿ ಕುಡಿಯುವ ಮೇಜು ಮಾಡಿದರು. ಲಾಳಿಗಳ ಹೊಟ್ಟೆಯಲ್ಲಿ ಬಲ್ಬು ಕೂರಿಸಿ ತೂಗುಹಾಕಿದರು. ಚೆಂದವಾಗೇ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ. ಆ ಕಾಫಿ ನಾನೂ ಕುಡಿದಿದ್ದೇನೆ.

ಗೈಡುಗಳು ಕತೆ ಕಟ್ಟಿದರು. ದೂರ ಹೋದ ಗಂಡಂದಿರ ದಾರಿ ನೋಡುತ್ತ ನೇಕಾರರ ಹೆಂಡತಿಯರು ಕತ್ತು ಹೊರಳಿಸಿದ ಹಾಗೆಯೇ ಹೂವನ್ನೂ ಹೊರಳಿಸಿದರಂತೆ, ಇದು ಆರುನೂರು ವರ್ಷದ ಸಂಪ್ರದಾಯವಂತೆ. ತಂಗಿ ಸತ್ತು ಆರು ವರ್ಷ ಆಗಿರಲಿಲ್ಲ! ನಮ್ಮ ಬೀದಿಯ ಗಂಡಂದಿರು ಯಾವತ್ತೂ ಎಲ್ಲಿಗೂ ಹೋದವರಲ್ಲ, ಹೋಗಲಿ ಎಂದರೂ ಜಗುಲಿ ಬಿಟ್ಟು ಏಳುತ್ತಿರಲಿಲ್ಲ. ಕತೆ ಕೇಳಿದ ಪ್ರವಾಸಿಗರು ಬಟ್ಟೆ ಕೊಳ್ಳುವಾಗ ಹೂ ವಾಲಿದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದರು. ವಾಲಿದ್ದರೆ ಅಸಲಿ, ನೆಟ್ಟಗಿದ್ದರೆ ನಕಲಿ. ಗಂಟಕ್ಕ ಸಣ್ಣ ಮಗ್ಗದ ಮೇಲೆ ತನ್ನೊಬ್ಬಳ ಕೈಯಲ್ಲಿ ನೇಯ್ದ ನೆಟ್ಟನೆಯ ಹೂವಿನ ಶಾಲನ್ನು ಪ್ರವಾಸಿ ಹೆಂಗಸೊಬ್ಬಳು ತಿರುಗಿಸಿ ನೋಡಿ, ಇದು ಮೆಷಿನ್ನಿನದು ಎಂದು ಮೂಗು ಮುರಿದು ಹೋದಳು. ಆ ದಿನ ಗಂಟಕ್ಕ ಯಾರನ್ನೂ ಬೈಯಲಿಲ್ಲ. ಅದೇ ನನಗೆ ಭಯವಾದದ್ದು.

ಅವಳು ಹೊರಗೆ ಹೊರಡುವುದನ್ನೇ ಕಡಿಮೆ ಮಾಡಿದಳು. ಹೊರಟರೆ ತಲೆ ತಗ್ಗಿಸಿ ನಡೆಯುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಬಸ್ಸಿಳಿದ ಒಂದು ಗುಂಪು ನಿಂತಿತ್ತು, ಎಲ್ಲರ ಹೆಗಲ ಮೇಲೂ ಆ ವಾಲಿದ ಹೂವಿನ ಶಾಲು. ಗಂಟಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನೋಡೇ, ಊರೆಲ್ಲ ನನ್ನ ತಂಗಿ ಕಾಯಿಲೆ ಹೊದ್ಕೊಂಡು ಓಡಾಡ್ತಿದೆ" ಎಂದಳು. ಆವತ್ತಿನಿಂದ ನನಗೂ ಅದು ಹಾಗೇ ಕಾಣತೊಡಗಿತು. ಪರದೆಯಲ್ಲಿ, ಸೀಟಿನಲ್ಲಿ, ಬಡಿಸುವವನ ಹೊಟ್ಟೆಯ ಮೇಲೆ, ಎಲ್ಲೆಲ್ಲೂ ಆ ಕಿರುಬೆರಳು.

ಕೊನೆಗೆ ಗಂಟಕ್ಕ ಆಗ್ಲಿಬಿಡಿಯ ಮುಂದೆ ಹೋಗಿ ನಿಂತಳು. ಆ ಹೊದಿಕೆ ತನಗೆ ಬೇಕು ಎಂದಳು. ನಾನೂ ಜೊತೆಗಿದ್ದೆ.

"ಅಮ್ಮಾ, ಅದನ್ನ ನೋಡೋಕೇ ಜನ ಬರ್ತಾರೆ. ಪೆಟ್ಟಿಗೆ ಖಾಲಿ ಇಟ್ಕೊಂಡು ನಾನೇನು ಮಾಡ್ಲಿ?" ಎಂದ ಅವನು. ಕೆಟ್ಟವನಲ್ಲ, ವ್ಯಾಪಾರದವನು. ಸ್ವಲ್ಪ ಯೋಚಿಸಿ, "ಒಂದು ಕೆಲಸ ಮಾಡಿ. ಅದರ ಹಾಗೇ ಇನ್ನೊಂದು ನೇಯ್ದುಕೊಡಿ. ಇಲ್ಲೇ ಶೋರೂಮಲ್ಲಿ ಕೂತು ನೇಯಿರಿ, ಬಂದವರು ನೋಡ್ತಾರೆ. ಒಂದೆಳೆ ಆಚೀಚೆ ಆಗ್ಬಾರ್ದು. ಅದನ್ನ ಪೆಟ್ಟಿಗೇಲಿ ಇಟ್ಕೊಂಡು ಹಳೇದನ್ನ ನಿಮಗೆ ಕೊಡ್ತೀನಿ. ಆಗ್ಲಿ ಬಿಡಿ" ಎಂದ.

ಗಂಟಕ್ಕ ಒಪ್ಪಿಕೊಂಡಳು. ಹೊರಗೆ ಬಂದವಳೇ ನನಗೆ ಹೇಳಿದ್ದು ಒಂದೇ ಮಾತು. "ನೂಲು ಅದೇ ಲಾಟಿಂದ ಬೇಕು. ಆ ಬೇರಿನ ಕೆಂಪೇ ಬೇಕು. ಇದೆಯಲ್ವಾ ನಿನ್ನ ಹತ್ರ?"

"ಇದೆ" ಎಂದೆ.

ಇರಲಿಲ್ಲ. ಮರದ ಬೇರು ಕುದಿಸಿ ಆ ಕೆಂಪನ್ನು ಅದ್ದುತ್ತಿದ್ದ ಮುದುಕ ತೀರಿಕೊಂಡು ಬಹಳ ದಿನವಾಗಿತ್ತು. ಅವನ ಕೈಯ ಕೊನೆಯ ಎಂಟು ಲಡಿ ನೂಲು ನನ್ನ ಹತ್ತಿರ ಇದ್ದವು, ಗಂಟಕ್ಕ ಅದನ್ನು ನೋಡಿಯೂ ಇದ್ದಳು. ಹಿಂದಿನ ಬೇಸಗೆಯಲ್ಲಿ ಹೊಸ ಹೋಟೆಲಿನವನು ಬಂದು, ಗೋಡೆಗೆ ತೂಗುಹಾಕಲು ಹಳೆಯ ನೂಲು ಬೇಕು ಎಂದಾಗ ಆ ಎಂಟನ್ನೂ ಕೊಟ್ಟುಬಿಟ್ಟಿದ್ದೆ. ಅವನು ಕೇಳಿದ್ದಕ್ಕಿಂತ ಹೆಚ್ಚೇ ದುಡ್ಡು ಕೊಟ್ಟಿದ್ದ. ನೇಯುವ ನೂಲನ್ನು ಗೋಡೆಗೆ ಮಾರಿದೆ ಎಂದು ಗಂಟಕ್ಕನ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ಪುಡಿ ಬಣ್ಣದಲ್ಲಿ ನೂಲು ಅದ್ದುವವನ ಹತ್ತಿರ ಹೋಗಿ, ಬಿದ್ದಿದ್ದ ಒಂದು ತುಂಡು ತೋರಿಸಿ, ಮೂರು ಸಲ ಅದ್ದಿಸಿ, ಬಿಸಿಲಿಗೆ ಒಣಗಿಸಿ, ಅದರ ಪಡಿಯಚ್ಚಿನಂಥ ಕೆಂಪು ತಂದು ಕೊಟ್ಟೆ. ಅವಳು ಕೈಯಲ್ಲಿ ಹಿಡಿದು ನೋಡಿದಳು. "ಅವನ ಕೆಂಪಿಗೆ ಅವನದೇ ಕೆಂಪು ಸಾಟಿ" ಎಂದಳು. ನಾನು ಹಲ್ಲು ಕಿರಿದೆ.

ಅವಳು ಶೋರೂಮಿನ ಮಗ್ಗಕ್ಕೆ ಕೂತಳು. ಅದರ ಲಾಳಿ ಹಗ್ಗ ಎಳೆದರೆ ಓಡುವಂಥದ್ದು, ಒಬ್ಬಳೇ ನಡೆಸಬಹುದು. ಜೀವಮಾನದಲ್ಲಿ ಮೊದಲ ಸಲ ಅವಳು ಎಡಗಡೆ ಕೂತು ದಿನ ಕಳೆದಳು, ಬಲ ಅಂಚಿನ ಹೂ ಬಂದಾಗ ಮಾತ್ರ ಆ ಕಡೆ ಜರುಗಿ ಮತ್ತೆ ವಾಪಸು. ಪಕ್ಕದಲ್ಲೇ ಗಾಜಿನ ಪೆಟ್ಟಿಗೆ. ಹೂ ನೋಡುವುದು, ಎಳೆ ಎಣಿಸುವುದು, ಕಟ್ಟುವುದು. ಮೊದಲ ವಾರ ಒಂದೂ ಸರಿಹೋಗಲಿಲ್ಲ. ಅವಳ ಬೆರಳು ತಪ್ಪನ್ನು ಮಾಡುವುದಕ್ಕೇ ಒಪ್ಪುತ್ತಿರಲಿಲ್ಲ. ಬೇಕೆಂದು ಎರಡೆಳೆ ಸರಿಸಿದರೆ ಹೂ ವಾಲುತ್ತಿತ್ತು, ಆದರೆ ಅದು ತಂಗಿಯ ವಾಲುವಿಕೆ ಆಗುತ್ತಿರಲಿಲ್ಲ. "ಇದು ನಾಟಕ ಆಡಿದ ಹಾಗಿದೆ ಕಣೇ" ಎಂದು ಬಿಚ್ಚಿ ಹಾಕುತ್ತಿದ್ದಳು.

ಒಂದು ದಿನ ನೂಲು ಕೊಡಲು ಹೋದಾಗ ನೋಡುತ್ತೇನೆ, ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಬುಡಕ್ಕೆ ಕೆಂಪು ನೂಲನ್ನು ಬಿಗಿಯಾಗಿ ಸುತ್ತಿಕೊಂಡು ಕೂತಿದ್ದಾಳೆ. ಬೆರಳ ತುದಿ ನೀಲಿಗಟ್ಟಿದೆ. ನಾನು ಬೆಚ್ಚಿಬಿದ್ದು, "ಏನಕ್ಕಾ ಇದು, ಬಿಚ್ಚು ಮೊದ್ಲು!" ಎಂದು ಕೂಗಿದೆ. "ಸುಮ್ನಿರು. ಈಗ ಬರ್ತಿದೆ" ಎಂದಳು. ನಿಜವಾಗಿಯೂ ಬರುತ್ತಿತ್ತು. ಮಗ್ಗದ ಮೇಲೆ ಕಟ್ಟಿದ ಹೂ, ಗಾಜಿನೊಳಗಿನ ಹೂ, ಎರಡೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಸುತ್ತ ನಿಂತಿದ್ದ ಪ್ರವಾಸಿಗರು ಬೆರಳಿನ ಫೋಟೋ ತೆಗೆಯುತ್ತಿದ್ದರು. ಬೆರಳಿಗೆ ಕೆಂಪು ನೂಲು ಕಟ್ಟಿಕೊಳ್ಳುವುದು ಇಲ್ಲಿಯ ಪ್ರಾಚೀನ ಪದ್ಧತಿ ಎಂದು ಗೈಡು ಅಲ್ಲೇ ವಿವರಿಸುತ್ತಿದ್ದ. ಮುಂದಿನ ವಾರ ಆಗ್ಲಿಬಿಡಿ ಗಲ್ಲಾದ ಪಕ್ಕ ಕೆಂಪು ನೂಲಿನ ಉಂಗುರಗಳನ್ನು ಬುಟ್ಟಿಯಲ್ಲಿಟ್ಟು ಮಾರಿದ.

ಆಮೇಲಾಮೇಲೆ ನೂಲು ಸುತ್ತುವುದೂ ಬೇಕಾಗಲಿಲ್ಲ. ಲಾಳಿ ಎಡಕ್ಕೆ ಬಂದಾಗಲೆಲ್ಲ ಅವಳು ಮೆಲ್ಲಗೆ 'ಬಂತು' ಅನ್ನುತ್ತಿದ್ದಳು. ದನಿ ಅವಳದಲ್ಲ, ಆ ಕೊನೆಯಲ್ಲಿ ಒಂದು ಎಳೆತ, ಅದು ತಂಗಿಯದು. ನಾನು ಬಲಗಡೆಯ ಖಾಲಿ ಹಲಗೆಯನ್ನು ನೋಡಲಾರದೆ ಬೇರೆ ಕಡೆ ಮುಖ ತಿರುಗಿಸುತ್ತಿದ್ದೆ. ಆ ಖಾಲಿ ಜಾಗದಲ್ಲಿ ಸತ್ತವಳು ಇದ್ದಾಳೆ ಎನ್ನಿಸಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಆದರೆ ಬದುಕಿದ್ದವಳೇ ಅಲ್ಲಿಂದ ಎದ್ದು ಹೋದ ಹಾಗೆ ಕಾಣುತ್ತಿತ್ತು. ತಂಗಿಯಾದರೋ ಎಡಗಡೆ ಕೂತು ಹೂ ಕಟ್ಟುತ್ತಿದ್ದಳು.

ಒಂದು ದಿನ ಶೋರೂಮಿಗೆ ರಜ. ಅಲ್ಲಿ ನಾವಿಬ್ಬರೇ ಇದ್ದೆವು. ಎಂಟನೇ ಹೂ ಕಟ್ಟುತ್ತಿದ್ದವಳು ತಟ್ಟನೆ ಕೇಳಿದಳು. "ಅವಳಿಗೆ ಗೊತ್ತಿತ್ತೇನೇ? ಬೆರಳು ಇಷ್ಟು ಸತ್ತಿದ್ರೆ ಗೊತ್ತಾಗದೆ ಇರುತ್ತಾ? ಬೆಳಿಗ್ಗೆ ಹೂ ನೆಟ್ಟಗಾಗಿರೋದು ನೋಡಿ ಏನಂದ್ಕೊಂಡಿರ್ತಾಳೆ?"

ಇನ್ನು ಹೇಳದಿರುವುದು ತಪ್ಪು ಎನ್ನಿಸಿತು. ಹೇಳಿದೆ. ಆ ಬೆಳಗಿನ ಒಂದು ಗಂಟೆ, ನೂಲಿನ ಮೂಟೆ, 'ಅವಳು ಬಿಚ್ಚಿ ಕಟ್ಟಿ ಮುಗಿಸ್ಲಿ' ಎಂದದ್ದು, ಎಲ್ಲ. ಗಂಟಕ್ಕನ ಕೈ ನಿಂತಿತು. "ನಾನು ಅವಳನ್ನ ಸೋಮಾರಿ ಅಂದೆ. ದಿನಾ ಅಂದೆ. ಅವಳು ನಗ್ತಾ ಇದ್ದಳು" ಎಂದಳು. ಆಮೇಲೆ ಅತ್ತಳು. ನಾನೂ ಅತ್ತೆ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ಯಲ್ಲ, ಕಲ್ಲು ಕಣೇ ನೀನು" ಎಂದು ಬೈದಳು. ಬೈಗುಳ ಕೇಳಿ ನನಗೆ ಜೀವ ಬಂತು. ಆ ಹೊದಿಕೆ ಮನೆಗೆ ಬಂದರೆ ಇವಳು ಸರಿಹೋಗುತ್ತಾಳೆ ಎಂದುಕೊಂಡೆ.

ಐದು ತಿಂಗಳಿಗೆ ಕೆಲಸ ಮುಗಿಯಿತು. ಹೊಸದು ಹೊಸದಾಗಿ ಕಾಣಬಾರದೆಂದು ಆಗ್ಲಿಬಿಡಿ ಅದನ್ನು ಟೀ ಸೊಪ್ಪಿನ ನೀರಲ್ಲಿ ಅದ್ದಿಸಿ ಬಿಸಿಲಿಗೆ ಹಾಕಿಸಿದ. ಆಮೇಲೆ ಪೆಟ್ಟಿಗೆಯಿಂದ ಹಳೆಯದನ್ನೂ ತೆಗೆಸಿ, ಎರಡನ್ನೂ ಒಟ್ಟಿಗೆ ಹಬೆ ಇಸ್ತ್ರಿಗೆ ಕಳಿಸಿದ. ಮೂರು ದಿನದ ಮೇಲೆ ಎರಡು ಕಟ್ಟು ಬಂದವು. ಒಂದೇ ಬಗೆಯ ಕಾಗದ, ಒಂದೇ ಬಗೆಯ ಮಡಿಕೆ. ಯಾವುದರ ಮೇಲೂ ಗುರುತು ಇರಲಿಲ್ಲ.

ಗಂಟಕ್ಕ ಎರಡನ್ನೂ ಮೇಜಿನ ಮೇಲೆ ಹಾಸಿದಳು. ಎಡ ಅಂಚು ನೋಡಿದಳು. ಹಿಂಬದಿ ತಿರುಗಿಸಿದಳು. ತಂಗಿಯ ಮರಗಟ್ಟಿದ ಕೈ ಬಿಟ್ಟಿದ್ದ ದಪ್ಪ ಗಂಟುಗಳು ಇದರಲ್ಲೂ ಇದ್ದವು, ಅದರಲ್ಲೂ ಇದ್ದವು. ಒಂದೆಳೆ ಆಚೀಚೆ ಆಗಬಾರದೆಂದು ಇವಳೇ ಅವನ್ನೂ ನಕಲು ಮಾಡಿದ್ದಳಲ್ಲ. ಕಣ್ಣು ಮುಚ್ಚಿ ಸವರಿದಳು. ಮೂಸಿ ನೋಡಿದಳು, ಎರಡೂ ಇಸ್ತ್ರಿಯ ವಾಸನೆ. ತನ್ನ ತಂಗಿಯ ಕೈ ಯಾವುದು, ತನ್ನ ಕೈ ಯಾವುದು ಅವಳಿಗೆ ತಿಳಿಯಲಿಲ್ಲ.

"ಎರಡೂ ಒಂದೇ ಥರ ಇದೆಯಲ್ಲಮ್ಮಾ, ಅದೇ ತಾನೇ ನಾನು ಕೇಳಿದ್ದು! ಒಂದು ನೀವು ತಗೊಳ್ಳಿ, ಒಂದು ನನಗಿರ್ಲಿ. ಆಗ್ಲಿ ಬಿಡಿ" ಎಂದ ಅವನು.

ಎರಡನ್ನೂ ಕೊಡು ಎಂದು ಅವಳು ಕೈ ಮುಗಿದಳು. ಪೆಟ್ಟಿಗೆ ಖಾಲಿ ಬಿಡಲು ಅವನು ಸುತಾರಾಂ ಒಪ್ಪಲಿಲ್ಲ. ಕೊನೆಗೆ ಗಂಟಕ್ಕ ಬಲಗೈಗೆ ಹತ್ತಿರವಿದ್ದದ್ದನ್ನು ಎತ್ತಿಕೊಂಡು ಬಂದಳು.

ಮನೆಗೆ ಬಂದ ಮೇಲೆ ಅವಳಿಗೆ ಊಟ ಸೇರಲಿಲ್ಲ. ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು, ಹಾಗೇ ಎದ್ದು ಶೋರೂಮಿಗೆ ಹೋಗಿ ಗಾಜಿನ ಮುಂದೆ ನಿಲ್ಲುವುದು, ಮತ್ತೆ ಮನೆಗೆ. ಇಲ್ಲಿದ್ದರೆ ತಂಗಿ ಅಲ್ಲಿದ್ದಾಳೆ ಎನ್ನಿಸುವುದು, ಅಲ್ಲಿದ್ದರೆ ಇಲ್ಲಿ ಒಬ್ಬಳೇ ಬಿಟ್ಟು ಬಂದೆ ಎನ್ನಿಸುವುದು. ಹದಿನೈದು ದಿನ ನೋಡಿದೆ. ಹದಿನಾರನೆಯ ದಿನ ಬೆಳಿಗ್ಗೆ ಅವಳು ಹೊದಿಕೆಯನ್ನು ಹೊತ್ತುಕೊಂಡು ನನ್ನ ಅಂಗಡಿಗೇ ಬಂದಳು.

"ನೂಲು ನೀನೇ ಕೊಟ್ಟದ್ದು. ಎರಡೂ ಒಂದೇ ಲಾಟು, ನೀನಾದ್ರೂ ಏನು ಹೇಳ್ತೀಯ ಪಾಪ. ಆದ್ರೂ ನಿನ್ನ ಕಣ್ಣಿಗೆ ಏನಾದ್ರೂ ಕಾಣುತ್ತಾ ನೋಡೇ. ನನ್ನ ಕಣ್ಣು ಕೆಟ್ಟುಹೋಗಿದೆ" ಎಂದಳು.

ಒಂದೇ ಲಾಟಲ್ಲವಲ್ಲ! ಜಗತ್ತಿನಲ್ಲಿ ಇದನ್ನು ಹೇಳಬಲ್ಲವಳು ನಾನೊಬ್ಬಳೇ. ಬೆಳಕಿಗೆ ಹಿಡಿದು ನೋಡುತ್ತೇನೆ ಎಂದು ಹೊದಿಕೆಯನ್ನು ಒಳಗೆ ತೆಗೆದುಕೊಂಡು ಹೋದೆ. ಎಡ ಅಂಚಿನ ತುದಿಯಿಂದ ಅರ್ಧ ಬೆರಳುದ್ದ ಕೆಂಪೆಳೆ ಕಿತ್ತು, ಲೋಟದಲ್ಲಿ ಬಿಸಿನೀರು ಹಾಕಿ ವಾಷಿಂಗ್ ಸೋಡಾ ಕದಡಿ, ಅದರಲ್ಲಿ ಅದ್ದಿದೆ. ಬೇರಿನ ಕೆಂಪಾದರೆ ಸೋಡಾ ತಾಗಿದ ಕೂಡಲೇ ನೇರಳೆಗೆ ತಿರುಗುತ್ತದೆ. ಪುಡಿ ಬಣ್ಣ ತಿರುಗುವುದಿಲ್ಲ, ನೀರಿಗೆ ಬಿಡುತ್ತದೆ. ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ತಿರುಗಲಿ, ತಿರುಗಲಿ.

ನೀರು ಗುಲಾಬಿಯಾಯಿತು. ಎಳೆ ಕೆಂಪಗೇ ಇತ್ತು.

ಅವಳು ತಂದಿದ್ದು ತನ್ನದನ್ನೇ. ತಂಗಿಯದು ಗಾಜಿನೊಳಗಿತ್ತು. ಹೊರಗೆ ಹೋಗಿ ಹಾಗೆಂದುಬಿಟ್ಟರೆ ಮುಗಿಯುತ್ತಿತ್ತು. ಆಗ್ಲಿಬಿಡಿಗೆ ಯಾವುದಾದರೂ ಒಂದೇ, ಬದಲಾಯಿಸಿಕೊಡುತ್ತಿದ್ದ. ಆದರೆ ನಿನಗೆ ಹೇಗೆ ಗೊತ್ತಾಯಿತು ಎಂದು ಅವಳು ಕೇಳುತ್ತಾಳಲ್ಲ. ಕೇಳಿದರೆ, ನಾನು ನಿನಗೆ ಸುಳ್ಳು ಕೆಂಪು ಕೊಟ್ಟೆ, ಅಸಲಿಯನ್ನು ಹೋಟೆಲಿನ ಗೋಡೆಗೆ ಮಾರಿಕೊಂಡೆ ಎಂದು ಹೇಳಬೇಕಲ್ಲ. ಐದು ತಿಂಗಳು ಬೆರಳು ನೀಲಿ ಮಾಡಿಕೊಂಡು ಕೂತವಳಿಗೆ ಅದನ್ನು ಹೇಳಬೇಕಲ್ಲ. ಲೋಟದ ನೀರನ್ನು ಬಚ್ಚಲಿಗೆ ಚೆಲ್ಲಿದೆ. ಹೇಗೂ ಅವಳಿಗೆ ನೆಮ್ಮದಿ ಬೇಕು, ನೆಮ್ಮದಿ ಕೊಟ್ಟರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಳ್ಳುವುದು ಎಷ್ಟು ಸುಲಭವಾಗಿತ್ತು ಎಂಬುದು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಹೊರಗೆ ಬಂದು, "ತಂಗಿದೇ ಅಕ್ಕಾ" ಎಂದೆ.

"ಖಂಡಿತಾನಾ?"

"ಖಂಡಿತ. ಹಳೇ ನೂಲು ಸವೆದಿರುತ್ತೆ, ನನ್ನ ಕೈಗೆ ಗೊತ್ತಾಗುತ್ತೆ. ಇದು ಅವಳದೇ."

ಅವಳು ಎರಡು ಕೈಯಿಂದ ಹೊದಿಕೆಯನ್ನು ಎದೆಗೆ ಒತ್ತಿಕೊಂಡಳು. ಅವಳ ಮುಖದ ಗಂಟು ಅಷ್ಟು ಸಡಿಲವಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. "ಹಾಗಾದ್ರೆ ಇನ್ನು ಆ ಗಾಜಿನ ಮುಂದೆ ನಿಲ್ಲಲ್ಲ" ಎಂದಳು. ನಿಲ್ಲಲೂ ಇಲ್ಲ. ಊಟ ಮಾಡಿದಳು, ನಿದ್ದೆ ಮಾಡಿದಳು, ಬೀದಿಯ ಜನರನ್ನು ಮೊದಲಿನಂತೆ ಬೈದಳು. ಎದುರಿಗೆ ಸಿಕ್ಕ ಶಾಲುಗಳನ್ನು ನೋಡಿದರೂ ಬೆಚ್ಚುತ್ತಿರಲಿಲ್ಲ. ಮಾಡಿದ್ದು ಸರಿಯೇ ಆಯಿತು ಎಂದು ನಾನೂ ಉಸಿರು ಬಿಟ್ಟೆ.

ಎರಡು ತಿಂಗಳ ಮೇಲೆ ಶೋರೂಮಿಗೆ ನೂಲು ಕೊಡಲು ಹೋಗಿದ್ದೆ. ಒಳಗೆಲ್ಲ ಹೊಸ ಬಣ್ಣ ಹೊಡೆಯುತ್ತಿದ್ದರು. ಗಾಜಿನ ಪೆಟ್ಟಿಗೆ ತೆರೆದಿತ್ತು, ಹೊದಿಕೆ ಗಲ್ಲಾದ ಮೇಲೆ. ದೂರ ದೇಶದ ಗಂಡ ಹೆಂಡತಿ ನಿಂತಿದ್ದರು, ಪೆಟ್ಟಿಗೆ ಖಾಲಿಯಾದರೂ ಚಿಂತೆಯಿಲ್ಲ ಎನ್ನುವಷ್ಟು ದುಡ್ಡು ಆಗಲೇ ಕೊಟ್ಟಾಗಿತ್ತು. ಇದು ನಿಜವಾಗಿಯೂ ಆ ಮೊದಲನೆಯದೇನಾ ಎಂದು ಅವರು ಕೇಳಿದರೆಂದು ಗೈಡು ಹೇಳಿದ. "ಹೌದು, ಅದೇ" ಎಂದ ಆಗ್ಲಿಬಿಡಿ, ನನ್ನ ಕಡೆ ಕಣ್ಣು ಮಿಟುಕಿಸಿದ. ಅಸಲಿ ಗಂಟಕ್ಕನ ಮನೆಯಲ್ಲಿದೆ ಎಂದು ಅವನೂ ಕೇಳಿದ್ದ, ತಾನು ಸುಳ್ಳು ಹೇಳುತ್ತಿದ್ದೇನೆ ಎಂದೇ ತಿಳಿದಿದ್ದ. ತಂಗಿಯ ಹನ್ನೊಂದು ಹೂ ನನ್ನಿಂದ ಒಂದು ಮೊಳ ದೂರದಲ್ಲಿದ್ದವು. ಬಾಯಿ ತೆರೆದೆ. ಏನು ಹೇಳಿದೆ ಗೊತ್ತೇ? "ಒಂದೇ ಮಡಿಕೇಲಿ ಬಹಳ ದಿನ ಇಡಬೇಡಿ ಅಂತ ಹೇಳಪ್ಪ ಅವ್ರಿಗೆ. ಮಡಿಕೆ ಇರೋ ಕಡೆ ನೂಲು ಕತ್ತರಿಸುತ್ತೆ." ಗೈಡು ಅದನ್ನು ಅವರ ಭಾಷೆಯಲ್ಲಿ ಹೇಳಿದ. ಆ ಹೆಂಗಸು ನನ್ನ ಕೈ ಕುಲುಕಿದಳು. ಹೊದಿಕೆ ಅವರ ಸೂಟ್‌ಕೇಸಿನೊಳಗೆ ಹೋಯಿತು, ಸೂಟ್‌ಕೇಸು ಟ್ಯಾಕ್ಸಿಯೊಳಗೆ ಹೋಯಿತು. ಎಲ್ಲಿಗೆ ಎಂದು ನಾನು ಕೇಳಲೂ ಇಲ್ಲ.

ಮರುದಿನ ಗಂಟಕ್ಕ ಅಂಗಡಿಗೆ ಬಂದಳು. ಗಾಜಿನೊಳಗಿನದು ಮಾರಿಹೋಯಿತು ಎಂಬ ಸುದ್ದಿ ಅವಳಿಗೂ ಮುಟ್ಟಿತ್ತು. "ನೀನು ಅವತ್ತು ನೋಡಿ ಹೇಳದೆ ಇದ್ದಿದ್ರೆ ನನ್ನ ಜೀವ ಇವತ್ತು ಹೋಗ್ತಿತ್ತು ಕಣೇ" ಎಂದು ಕೈಯಲ್ಲಿದ್ದ ಸಣ್ಣ ಪೊಟ್ಟಣವನ್ನು ನನ್ನ ಮುಂದೆ ಇಟ್ಟಳು. ಬಿಚ್ಚಿದೆ. ಹೊದಿಕೆಯ ಎಡ ಅಂಚಿನಿಂದ ಎರಡು ವಾಲಿದ ಹೂಗಳನ್ನು ಕತ್ತರಿಸಿ, ಸುತ್ತ ಹೊಲಿಗೆ ಹಾಕಿ ತಂದಿದ್ದಳು. ನೇಯ್ದ ಬಟ್ಟೆಗೆ ಕತ್ತರಿ ಹಾಕಿದವಳಲ್ಲ ಅವಳು, ಜನ್ಮದಲ್ಲಿ.

"ಅವಳು ನಿನ್ನ ಹತ್ರಾನೂ ಸ್ವಲ್ಪ ಇರ್ಲಿ. ಬೆಳಿಗ್ಗೆ ಬಂದು ಕೂತ್ಕೋತಿದ್ದದ್ದು ನಿನ್ನ ಹತ್ರಾನೇ ಅಲ್ವಾ" ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಮೂಟೆಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತೆ. ಗಂಟಕ್ಕ ಪಕ್ಕದಲ್ಲಿ ಕೂತು, ಚಿಕ್ಕ ಮಗುವಿಗೆ ಮಾಡುವ ಹಾಗೆ ನನ್ನ ತಲೆ ಸವರುತ್ತ ಸಮಾಧಾನ ಹೇಳಿದಳು. "ಅಳಬೇಡ್ವೇ ಹುಚ್ಚಿ. ಈಗ ಮನೇಲೇ ಇದ್ದಾಳಲ್ಲ."